‘ಶರಪಂಜರ’ದ ಮನೆಯೂ ಮನೋಚಿಕಿತ್ಸೆಯೂ

ಮನಸ್ಸಿನ ಕಾಯಿಲೆಯನ್ನು ವಸ್ತುವಾಗಿ ತೆಗೆದುಕೊಂಡ ಕನ್ನಡ ಕಾದಂಬರಿಗಳ ಮಾತು ಬಂದಾಗ ಮೊದಲು ನೆನಪಾಗುವ ಹೆಸರು ತ್ರಿವೇಣಿಯವರದು. ಅನಸೂಯಾ ಶಂಕರ್ ಎಂಬುದು ಅವರ ನಿಜನಾಮ. ಆಚಾರ್ಯ ಬಿ.ಎಂ.ಶ್ರೀಯವರ ಸೋದರನ ಮಗಳಾದ ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿದವರು. 1928ರಲ್ಲಿ ಹುಟ್ಟಿ 1963ರಲ್ಲಿ, ಹೆಣ್ಣುಮಗುವಿಗೆ ಜನ್ಮವಿತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು. ಬಾಣಂತಿಯೊಬ್ಬಳ ಮನಸ್ಸಿನ ವ್ಯಥೆಯನ್ನು ಕುರಿತು ‘ಶರಪಂಜರ’ವನ್ನು ಬರೆದ ಲೇಖಕಿಯ ಬಾಳು ಹೀಗೆ ಬಾಣಂತನದಲ್ಲಿಯೇ ಮುಗಿದುದನ್ನು ನೆನೆದರೆ ಇಂದಿಗೂ ಮನಸ್ಸು ಭಾರವಾಗುತ್ತದೆ.

ಕಥೆ ನಮ್ಮ ಓದುಗರಿಗೆ ಹೊಸದಲ್ಲ. ಕಾವೇರಿ ಸತೀಶನನ್ನು ಮೆಚ್ಚಿ ಮದುವೆಯಾಗುತ್ತಾಳೆ. ತುಂಬಿದ ಸಂಸಾರ. ಎರಡನೆಯ ಹೆರಿಗೆಯ ಹೊತ್ತಿಗೆ ಅವಳ ಮನಸ್ಸು ಅಸ್ವಸ್ಥವಾಗುತ್ತದೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು, ಗುಣವಾಗಿ, ಅವಳು ಮನೆಗೆ ಮರಳುತ್ತಾಳೆ. ಸಾಮಾನ್ಯ ಲೇಖಕರಾಗಿದ್ದರೆ ಕಥೆಯನ್ನು ಇಲ್ಲಿಗೇ ಮುಗಿಸಿ ಮಂಗಳ ಹಾಡುತ್ತಿದ್ದರು. ತ್ರಿವೇಣಿಯವರ ಪ್ರತಿಭೆ ಇರುವುದು ಇದರ ಮುಂದಿನ ಭಾಗದಲ್ಲಿ. ಮರಳಿ ಬಂದವಳನ್ನು ಮನೆ ಸ್ವೀಕರಿಸುವುದಿಲ್ಲ. ಗಂಡ ದೂರವಾಗುತ್ತಾನೆ. ಅವಳ ನಗು, ಮೌನ, ಸಿಟ್ಟು ಎಲ್ಲವನ್ನೂ ಹಳೆಯ ಕಾಯಿಲೆಯ ಲಕ್ಷಣವೆಂದೇ ಅಳೆಯಲಾಗುತ್ತದೆ. ಕೊನೆಗೆ ಅವಳ ಮನಸ್ಸು ಮತ್ತೊಮ್ಮೆ ಮುರಿಯುತ್ತದೆ.

ಈ ಕೃತಿಯನ್ನು ಹೆಣ್ಣಿನ ಗೋಳಿನ ಕಥೆಯೆಂದು ಓದುವುದು ವಾಡಿಕೆ. ನನ್ನ ಅಭಿಪ್ರಾಯದಲ್ಲಿ ಇದು ಅರ್ಧಕ್ಕೆ ನಿಂತ ಚಿಕಿತ್ಸೆಯ ಕಥೆ. ಕಾವೇರಿಗೆ ಔಷಧ ದೊರೆಯಿತು. ಸತೀಶನಿಗೆ ಒಂದು ಮಾತಿನ ತಿಳಿವಳಿಕೆಯೂ ದೊರೆಯಲಿಲ್ಲ. ರೋಗಿಯನ್ನು ಗುಣಪಡಿಸಿ, ಸ್ವಲ್ಪವೂ ಬದಲಾಗದ ಮನೆಗೆ ಕಳುಹಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ತ್ರಿವೇಣಿಯವರು ಕಾದಂಬರಿಯ ಮೂಲಕ ಕೇಳಿದ್ದಾರೆ. ಅದೇ ಕಾಲದಲ್ಲಿ ದೂರದ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜವಿಜ್ಞಾನಿ ಮತ್ತು ಅವರ ಸಂಗಡಿಗರು ಇಂತಹದೇ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಪರಿಶೀಲಿಸುತ್ತಿದ್ದರು. ಸ್ಕಿಜೋಫ್ರೇನಿಯಾ ರೋಗದಿಂದ ಚೇತರಿಸಿಕೊಂಡು ಮನೆಗೆ ಹೋದವರಲ್ಲಿ, ಸದಾ ಟೀಕೆ, ಹಗೆತನ, ಇಲ್ಲವೇ ಅತಿಯಾದ ಕಾವಲು ಇರುವ ಮನೆಗಳಿಗೆ ಹೋದವರಿಗೆ ಕಾಯಿಲೆ ಮರುಕಳಿಸುವುದು ಹೆಚ್ಚು ಎಂಬುದು ಅವರಿಗೆ ಕಂಡುಬಂದಿತು. ಕಾವೇರಿಯ ಕಾಯಿಲೆ ಬೇರೆ ಇರಬಹುದು; ಆದರೆ ಅಲ್ಲಿ ಅಳತೆಗೋಲಿನಿಂದ ತಿಳಿದುದನ್ನು ಇಲ್ಲಿ ನಮ್ಮ ಲೇಖಕಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕಂಡರು.

ಕೃತಿಯಲ್ಲಿ ನನಗೆ ತೋರುವ ಒಂದು ಕೊರತೆಯನ್ನೂ ಹೇಳಬೇಕು. ಸತೀಶನ ಭಯಕ್ಕೆ ಸಿಕ್ಕಿರುವ ಜಾಗ ಕಡಿಮೆ. ಅವನನ್ನು ಓದುಗರು ಬೇಗನೆ ದ್ವೇಷಿಸಿಬಿಡುತ್ತಾರೆ. ದ್ವೇಷಿಸಿದೊಡನೆ ತಮಗೂ ಅವನಿಗೂ ಸಂಬಂಧವಿಲ್ಲವೆಂದು ಪಾರಾಗುತ್ತಾರೆ. ಪುಟ್ಟಣ್ಣ ಕಣಗಾಲರ ಚಲನಚಿತ್ರದಲ್ಲಿ ಈ ಕೊರತೆ ಇನ್ನೂ ಹೆಚ್ಚಾಯಿತು. ಕಲ್ಪನಾ ಅವರ ಅಭಿನಯ ಎಷ್ಟು ಪ್ರಬಲವೆಂದರೆ, ಜನರ ನೆನಪಿನಲ್ಲಿ ಉಳಿದುದು ಕಾವೇರಿಯ ಉನ್ಮಾದ. ಅದಕ್ಕೆ ಕಾರಣವಾದ ಮನೆ ಹಿನ್ನೆಲೆಗೆ ಸರಿಯಿತು. ನಮ್ಮ ಗಡಿನಾಡಿನಲ್ಲಿ ಈ ಕಥೆಯನ್ನು ಎರಡು ಭಾಷೆಗಳಲ್ಲಿ ಕಂಡೆವು. 1974ರಲ್ಲಿ ವಾಣಿಶ್ರೀ ಅಭಿನಯಿಸಿದ ತೆಲುಗು ‘ಕೃಷ್ಣವೇಣಿ’ ಇದರದೇ ರೂಪಾಂತರ. ಎರಡಕ್ಕೂ ನಾವು ಧಾರಾಳವಾಗಿ ಕಣ್ಣೀರು ಹಾಕಿದೆವು.

ಹಾಗೆ ಕಣ್ಣೀರು ಹಾಕಿದವರಲ್ಲಿ ನಾನೂ ಒಬ್ಬ. ಆದುದರಿಂದ ಒಂದು ಮಾತನ್ನು ಒಪ್ಪಿಕೊಳ್ಳಬೇಕಾಗಿದೆ. ಆ ದಿನಗಳಲ್ಲಿಯೇ ನನ್ನ ದೊಡ್ಡ ಅತ್ತಿಗೆ ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದು ಊರಿಗೆ ಮರಳಿದರು. ಅವರು ಬರುವ ಮುಂಚೆ, ಹಿರಿಯರ ಮಾತಿನಂತೆ, ಈಳಿಗೆಮಣೆಯನ್ನು ಅಟ್ಟದ ಮೇಲೆ ಬಚ್ಚಿಟ್ಟವನು ನಾನೇ. ಮೂರನೆಯ ದಿನ ಅವರು, “ಈಳಿಗೆಮಣೆ ಎಲ್ಲಪ್ಪಾ? ಸೊಪ್ಪು ಹೆಚ್ಚಬೇಕಿತ್ತು” ಎಂದು ಕೇಳಿದರು. ಸಾಣೆ ಹಿಡಿಸಲು ಕೊಟ್ಟಿದೆ ಎಂದೆ. ಅವರು ಒಮ್ಮೆ ನನ್ನ ಮುಖ ನೋಡಿ, ಸೊಪ್ಪನ್ನು ಅಲ್ಲಿಯೇ ಬಿಟ್ಟು ಹಿತ್ತಿಲಿಗೆ ಹೋದರು. ಮತ್ತೆಂದೂ ಕೇಳಲಿಲ್ಲ. ಅವರು ಬಹುಕಾಲ ಬದುಕಿದ್ದರು. ಆದರೆ ಆ ಅಡಿಗೆಮನೆ ಮತ್ತೆ ಅವರದಾಗಲಿಲ್ಲ. ನಮ್ಮಲ್ಲಿ ಯಾರೂ ದುಷ್ಟರಾಗಿರಲಿಲ್ಲ. ಹೆದರಿದ್ದೆವು. ಆ ಹೆದರಿಕೆಯನ್ನು ಯಾರ ಬಳಿ, ಯಾವ ಮಾತಿನಲ್ಲಿ ಹೇಳಿಕೊಳ್ಳಬೇಕೆಂಬುದು ತಿಳಿದಿರಲಿಲ್ಲ.

ಆಪ್ತಸಮಾಲೋಚನೆ, ಮನೋಚಿಕಿತ್ಸೆ ಎಂದು ಈಗ ಕರೆಯುವ ವಿದ್ಯೆ ಮಾಡುವ ಕೆಲಸ ಇದೇ. ಅದು ಹಿರಿಯರ ಬುದ್ಧಿವಾದವೂ ಅಲ್ಲ, ಪಂಚಾಯಿತಿಯ ತೀರ್ಪೂ ಅಲ್ಲ. ತರಬೇತಿ ಪಡೆದವರೊಬ್ಬರು ಯಾರ ಪಕ್ಷವನ್ನೂ ವಹಿಸದೆ ಕುಳಿತು ಕೇಳುತ್ತಾರೆ. ಗಂಡನ ಭಯವನ್ನು ಹೆಂಡತಿಯೂ ಹೆಂಡತಿಯ ಅವಮಾನವನ್ನು ಗಂಡನೂ ಕೇಳಿಸಿಕೊಳ್ಳುವಂತೆ ಮಾಡುತ್ತಾರೆ. ಕಾಯಿಲೆಯ ಲಕ್ಷಣ ಯಾವುದು, ಎಲ್ಲರಿಗೂ ಬರುವ ಸಹಜವಾದ ಸಿಟ್ಟು ಯಾವುದು ಎಂಬುದನ್ನು ಮನೆಯವರಿಗೆ ಬಿಡಿಸಿ ಹೇಳುತ್ತಾರೆ. ಅಲ್ಲಿ ಆಡಿದ ಮಾತು ಹೊರಗೆ ಹೋಗದೆಂಬ ಭರವಸೆಯೂ ಇರುತ್ತದೆ. ತೀವ್ರವಾದ ಕಾಯಿಲೆಗೆ ಔಷಧ ಬೇಕೇ ಬೇಕು. ಔಷಧವು ಉಳಿಸಿದ ಬದುಕನ್ನು ನಡೆಸುವುದಕ್ಕೆ ಈ ಮಾತುಕತೆಯೂ ಬೇಕು. ಸತೀಶ ಕಾವೇರಿಯರು ಹೀಗೆ ನಾಲ್ಕು ಸಲ ಎದುರುಬದುರು ಕುಳಿತಿದ್ದರೆ ಕಾದಂಬರಿಯ ಕೊನೆಯ ಪುಟಗಳು ಬೇರೆಯಾಗುತ್ತಿದ್ದವೇನೋ.

ಕಾವೇರಿಯಂತಹವರಿಗೆ ಈಗ ದಾರಿ ತೆರೆದಿದೆ. ಹೆರಿಗೆಯಾದ ಮೊದಲ ವಾರಗಳಲ್ಲಿ ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ತೀವ್ರವಾದ ಮನೋವಿಕಾರ ಕಾಣಿಸಿಕೊಳ್ಳುತ್ತದೆಂದೂ, ಅದು ಗುಣವಾಗುವಂತಹದೆಂದೂ ವೈದ್ಯರು ಹೇಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇಂತಹ ತಾಯಂದಿರನ್ನು ಮಗುವಿನ ಜೊತೆಯಲ್ಲಿಯೇ ಇರಿಸಿಕೊಂಡು ಚಿಕಿತ್ಸೆ ನೀಡುವ ಪ್ರತ್ಯೇಕ ವಾರ್ಡು ಇದೆ. ತಾಯಿಯನ್ನು ಮಗುವಿನಿಂದ ಅಗಲಿಸದಿರುವುದೇ ಅಲ್ಲಿ ಚಿಕಿತ್ಸೆಯ ಒಂದು ಭಾಗ. ತ್ರಿವೇಣಿಯವರು ಇದನ್ನು ನೋಡಬೇಕಾಗಿತ್ತು.

ಇನ್ನೊಂದು ವಿಚಾರ ಗಡಿನಾಡಿನವರಾದ ನಮಗೆ ವಿಶೇಷವಾಗಿ ಸಂಬಂಧಿಸಿದ್ದು. ಹಿಂದೂಪುರದಲ್ಲಾಗಲಿ ಕಲ್ಯಾಣದುರ್ಗದಲ್ಲಾಗಲಿ ನಾವು ಅಂಗಡಿಯಲ್ಲಿ, ಕಚೇರಿಯಲ್ಲಿ ತೆಲುಗಿನಲ್ಲಿ ಸರಾಗವಾಗಿ ವ್ಯವಹರಿಸುತ್ತೇವೆ. ಆದರೆ ಕನ್ನಡದ ಮನೆಗಳಲ್ಲಿ ಬೆಳೆದವರಿಗೆ ಒಳಗಿನ ಸಂಕಟ ಬರುವುದು ತಾಯಿಯ ಮಾತಿನಲ್ಲಿ. ಆ ಸಂಕಟಕ್ಕೆ ಕನ್ನಡದಲ್ಲಿ ಶಬ್ದಗಳನ್ನು ಒದಗಿಸಿದವರು ತ್ರಿವೇಣಿಯವರೊಬ್ಬರೇ ಅಲ್ಲ. ‘ಕೊರವಂಜಿ’ಯಿಂದ ನಾಡನ್ನು ನಗಿಸಿದ ‘ರಾಶಿ’, ಎಂದರೆ ಡಾ. ಎಂ.ಶಿವರಾಂ, ತಮ್ಮ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದರು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್.ಚಂದ್ರಶೇಖರ್ ಅವರು ಮನಸ್ಸಿನ ಆರೋಗ್ಯವನ್ನು ಕುರಿತು ತಿಳಿಗನ್ನಡದಲ್ಲಿ ನೂರಾರು ಪುಸ್ತಕಗಳನ್ನು ಬರೆದಿದ್ದಾರೆ. ಖಿನ್ನತೆ, ಆತಂಕ, ಗೀಳು ಎಂಬ ಶಬ್ದಗಳನ್ನು ಇಂದು ಗೃಹಿಣಿಯರೂ ಹಿಂಜರಿಕೆಯಿಲ್ಲದೆ ಬಳಸುವಂತಾಗಿದ್ದರೆ ಅದರಲ್ಲಿ ಇಂತಹ ಬರಹಗಾರರ ಪಾಲು ದೊಡ್ಡದು. ದೆವ್ವ ಮೆಟ್ಟಿದೆ, ಗ್ರಹಚಾರ ಕೆಟ್ಟಿದೆ ಎನ್ನುತ್ತಿದ್ದ ಕಡೆ ಸರಿಯಾದ ಹೆಸರೊಂದು ಸಿಕ್ಕಿದರೆ ವೈದ್ಯರ ದಾರಿ ಅರ್ಧ ಸವೆದಂತೆ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಟೆಲಿ ಮಾನಸ್’ ಸೇವೆಗೆ 14416 ಸಂಖ್ಯೆಯಲ್ಲಿ ಕರೆಮಾಡಿ ಉಚಿತವಾಗಿ ಮಾತನಾಡಬಹುದು. ಅದರ ಭಾಷೆಗಳಲ್ಲಿ ಕನ್ನಡವೂ ಸೇರಿದೆ.

ಸಾಹಿತ್ಯವೇ ಚಿಕಿತ್ಸೆಯೆಂದು ನಾನು ಹೇಳಲಾರೆ. ‘ಶರಪಂಜರ’ವನ್ನು ಓದಿಯೂ, ಚಿತ್ರವನ್ನು ನೋಡಿಯೂ ಈಳಿಗೆಮಣೆಯನ್ನು ಅಟ್ಟದಿಂದ ಇಳಿಸದವನು ನಾನು. ಕಾವೇರಿಯ ಜಾಗದಲ್ಲಿ ನಿಂತು ಅಳುವುದು ಸುಲಭ. ಸತೀಶನ ಜಾಗದಲ್ಲಿ ನಿಂತು ತನ್ನನ್ನು ತಾನು ನೋಡಿಕೊಳ್ಳುವುದು ಕಷ್ಟ. ಸಂಘದ ಬಂಧುಗಳು, ಅದರಲ್ಲಿಯೂ ಮನೆಯ ಯಜಮಾನರು, ಈ ಕಾದಂಬರಿಯನ್ನು ಮತ್ತೊಮ್ಮೆ ಕೈಗೆತ್ತಿಕೊಂಡಾಗ ಸತೀಶನ ಪುಟಗಳನ್ನು ನಿಧಾನವಾಗಿ ಓದಬೇಕೆಂದು ವಿನಂತಿ. ಓದುತ್ತಿರುವಾಗ ತಮ್ಮ ಮನೆಯವರಾರಾದರೂ ನೆನಪಾದರೆ, ಪುಸ್ತಕವನ್ನು ಅಲ್ಲಿಯೇ ಮಡಿಸಿಟ್ಟು ಅವರೊಡನೆ ಮಾತಿಗೆ ಕುಳಿತರೂ ಸರಿಯೇ. ಉಳಿದ ಪುಟಗಳನ್ನು ಆಮೇಲೆ ಓದಬಹುದು.