ವಿಳಾಸ ಹಲವರದು, ಹೊಣೆ ಯಾರದು?

ಕಳೆದ ವರ್ಷ ಊರ್ಡಿಗೆರೆ ಕಡೆಯ ವಿದ್ಯಾರ್ಥಿನಿಯೊಬ್ಬಳು ತುಮಕೂರು ಸಮೀಪದ ಕಂಪನಿಯೊಂದಕ್ಕೆ ಅಪ್ರೆಂಟಿಸ್ ತರಬೇತಿ ಕೋರಿ ಮಿಂಚಂಚೆ ಬರೆದಳು. ಮರುದಿನ ಬೆಳಿಗ್ಗೆ ಉತ್ತರ ಬಂತು: 'ಸೋಮವಾರ ಅಂಕಪಟ್ಟಿಗಳೊಡನೆ ಬನ್ನಿ.' ಸಂಜೆ ಅದೇ ವಿಳಾಸದಿಂದ ಮತ್ತೊಂದು: 'ಸ್ಥಾನಗಳು ಭರ್ತಿಯಾಗಿವೆ.' ಯಾವುದನ್ನು ನಂಬಬೇಕೆಂದು ಕೇಳಿ ಬರೆದ ಪತ್ರಕ್ಕೆ ಉತ್ತರವೇ ಇಲ್ಲ. ಸೋಮವಾರ ಬಸ್ಸು ಹಿಡಿದು ಹೋದವಳನ್ನು ಗೇಟಿನಿಂದಲೇ ಹಿಂದಕ್ಕೆ ಕಳುಹಿಸಿದರು. ವಿಚಾರಿಸಿದಾಗ ತಿಳಿದದ್ದಿಷ್ಟು: ಆ ವಿಳಾಸವನ್ನು ಆರು ಮಂದಿ ನೋಡುತ್ತಾರೆ. ಆರು ಮಂದಿಗೂ ಒಂದೇ ಪಾಸ್‌ವರ್ಡ್. ಅದನ್ನು ಚೀಟಿಯಲ್ಲಿ ಬರೆದು ಗಣಕದ ಪರದೆಯ ಅಂಚಿಗೆ ಅಂಟಿಸಿದ್ದಾರೆ.

ಆ ಆರು ಮಂದಿಯಲ್ಲಿ ಯಾರೂ ಸೋಮಾರಿಗಳಲ್ಲ, ಸುಳ್ಳು ಹೇಳಿದವರೂ ಅಲ್ಲ. ದೋಷವಿರುವುದು ವ್ಯವಸ್ಥೆಯಲ್ಲಿ. ಹಲವರಿಗೆ ಒಂದೇ ವಿಳಾಸವಿರುವುದು ಒಳ್ಳೆಯದೇ. ಆದರೆ ನಮ್ಮ ಕಂಪನಿ, ಕಾಲೇಜು, ಕಚೇರಿಗಳು ವಿಳಾಸವನ್ನು ಹಂಚುವ ಬದಲು ಪಾಸ್‌ವರ್ಡನ್ನು ಹಂಚಿಕೊಂಡಿವೆ. ಹೊಣೆಯನ್ನು ಹಂಚುವುದನ್ನಂತೂ ಮರೆತೇಬಿಟ್ಟಿವೆ.

ಟಪಾಲಿನಲ್ಲಿದ್ದ ಶಿಸ್ತು

ಹುದ್ದೆಯ ಹೆಸರಿಗೆ ಪತ್ರ ಬರೆಯುವುದು ನಮಗೆ ಹೊಸದಲ್ಲ. 'ಮುಖ್ಯೋಪಾಧ್ಯಾಯರು, ಸರ್ಕಾರಿ ಪ್ರೌಢಶಾಲೆ' ಎಂದು ಬರೆದರೆ ಸಾಕು, ಆ ಕುರ್ಚಿಯಲ್ಲಿ ಯಾರಿದ್ದರೂ ಪತ್ರ ತಲುಪುತ್ತದೆ. ಕಚೇರಿಗೆ ಬಂದ ಟಪಾಲನ್ನು ಗುಮಾಸ್ತರು ಆವಕ ವಹಿಯಲ್ಲಿ ದಾಖಲಿಸಿ, ಸಂಖ್ಯೆ ಹಾಕಿ, ಯಾವ ಮೇಜಿಗೆ ಹೋಯಿತೆಂದು ಬರೆಯುತ್ತಿದ್ದರು. ಉತ್ತರ ಹೋದಾಗ ಜಾವಕ ವಹಿಯಲ್ಲಿ ಇನ್ನೊಂದು ಸಂಖ್ಯೆ. ನಿಧಾನವೆಂದು ನಾವು ಹಳಿದ ಈ ಪದ್ಧತಿಯಲ್ಲಿ ಒಂದು ಪತ್ರಕ್ಕೆ ಒಬ್ಬ ಹೊಣೆಗಾರನಿದ್ದ.

ಮಿಂಚಂಚೆಯಲ್ಲಿ ಇಂಥ ಹುದ್ದೆಯ ಹೆಸರುಗಳನ್ನು ಒಂದೆಡೆ ತಂದದ್ದು ಡೇವ್ ಕ್ರಾಕರ್ 1997ರಲ್ಲಿ ಬರೆದ ಆರ್‌ಎಫ್‌ಸಿ 2142 ಎಂಬ ಅಂತರಜಾಲ ಮಾನಕ. ವಿಚಾರಣೆಗೆ 'ಇನ್‌ಫೋ', ಮಾರಾಟಕ್ಕೆ 'ಸೇಲ್ಸ್', ಗ್ರಾಹಕರ ತೊಂದರೆಗೆ 'ಸಪೋರ್ಟ್', ದುರ್ಬಳಕೆಯ ದೂರಿಗೆ 'ಅಬ್ಯೂಸ್', ಅಂಚೆ ವ್ಯವಸ್ಥೆಗೆ 'ಪೋಸ್ಟ್‌ಮಾಸ್ಟರ್' ಎಂದು ಅದು ಪಟ್ಟಿ ಮಾಡಿತು. ಸಂಸ್ಥೆ ಆ ಸೇವೆ ಕೊಡುತ್ತಿದ್ದರೆ, ಆ ಹೆಸರಿಗೆ ಬಂದ ಪತ್ರ ಅದಕ್ಕೆ ತಕ್ಕವರನ್ನು ತಲುಪಲೇಬೇಕು ಎಂದಿತು. ತಕ್ಕವರು ಹಲವರಿದ್ದರೆ ಅವರಲ್ಲಿ ಉತ್ತರಿಸಬೇಕಾದವರು ಯಾರು? ಅದನ್ನು ಈ ಮಾನಕ ಸಂಸ್ಥೆಗೇ ಬಿಟ್ಟಿದೆ.

ಭಾರತ ಸರ್ಕಾರದ 2014ರ ಮಿಂಚಂಚೆ ನೀತಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಅಧಿಕಾರಿಗೆ ಪದನಾಮದ ವಿಳಾಸ ಬೇರೆ, ಸ್ವಂತ ಹೆಸರಿನ ವಿಳಾಸ ಬೇರೆ. ವರ್ಗವಾದಾಗ ಪದನಾಮದ ವಿಳಾಸವನ್ನು ಮುಂದಿನವರಿಗೆ ಒಪ್ಪಿಸಿ ಹೋಗಬೇಕು. ಒಬ್ಬರಾದ ಮೇಲೆ ಒಬ್ಬರು ಬರುವ ಹುದ್ದೆಗೆ ಇದು ಸರಿಯಾದ ಕ್ರಮ. ಒಂದೇ ಹೊತ್ತಿನಲ್ಲಿ ಆರು ಮಂದಿ ಕೂರುವ ಮೇಜಿಗೆ ಇದೂ ಸಾಲದು.

ಆರು ದಾಳಗಳ ಪ್ರಯೋಗ

ಏಕೆ ಸಾಲದು ಎಂಬುದನ್ನು ತರಗತಿಯಲ್ಲೇ ತೋರಿಸಬಹುದು. ಆರು ವಿದ್ಯಾರ್ಥಿಗಳಿಗೆ ಒಂದೊಂದು ದಾಳ ಕೊಡಿ. ಒಂದು ಪತ್ರ ಬಂದಿದೆ ಎಂದು ಹೇಳಿ ಎಲ್ಲರೂ ಒಟ್ಟಿಗೆ ದಾಳ ಉರುಳಿಸಲಿ. ಆರು ಬಿದ್ದವರು ಉತ್ತರ ಬರೆದರು ಎಂದು ಲೆಕ್ಕ. ಹೀಗೆ ಪ್ರತಿಯೊಬ್ಬರೂ ಸರಾಸರಿ ಆರರಲ್ಲಿ ಒಂದು ಪತ್ರಕ್ಕೆ ಉತ್ತರಿಸುತ್ತಾರೆ. ಅಂದರೆ ತಮ್ಮ ಪಾಲಿನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತಾರೆ. ಪಕ್ಕದವರು ಏನು ಮಾಡುತ್ತಿದ್ದಾರೆ ಎಂಬುದು ಮಾತ್ರ ಯಾರಿಗೂ ತಿಳಿಯದು.

ಯಾರಿಗೂ ಆರು ಬೀಳದಿರುವ ಸಂಭವನೀಯತೆ 5/6ರ ಆರನೆಯ ಘಾತ, ಅಂದರೆ 0.335. ಒಬ್ಬರಿಗೆ ಮಾತ್ರ ಬೀಳುವುದು 5/6ರ ಐದನೆಯ ಘಾತ, 0.402. ಉಳಿದ 0.263 ಇಬ್ಬರಿಗೆ ಅಥವಾ ಹೆಚ್ಚು ಮಂದಿಗೆ ಬೀಳುವುದು. ನೂರು ಪತ್ರಗಳಲ್ಲಿ ಸರಿಸುಮಾರು 33ಕ್ಕೆ ಉತ್ತರವಿಲ್ಲ, 26ಕ್ಕೆ ಎರಡು ಅಥವಾ ಹೆಚ್ಚು ಉತ್ತರ. ಸರಿಯಾಗಿ ಒಂದೇ ಉತ್ತರ ಸಿಗುವುದು 40ಕ್ಕೆ ಮಾತ್ರ.

ಎಲ್ಲರೂ ಹೆಚ್ಚು ಚುರುಕಾದರೆ? ದಾಳದ ಬದಲು ನಾಣ್ಯ ಚಿಮ್ಮಿ ನೋಡಿ. ಉತ್ತರವಿಲ್ಲದ ಪತ್ರ ನೂರಕ್ಕೆ ಎರಡಕ್ಕಿಂತ ಕಡಿಮೆಯಾಗುತ್ತದೆ. ಆದರೆ 89 ಪತ್ರಗಳಿಗೆ ಒಂದಕ್ಕಿಂತ ಹೆಚ್ಚು ಉತ್ತರ ಹೋಗುತ್ತದೆ. ಆರು ಮಂದಿಗೆ 1/6 ಎಂಬುದೇ ಅತ್ಯುತ್ತಮ ಸಂಭವನೀಯತೆ. ಸಿಬ್ಬಂದಿ ಹೆಚ್ಚಿದಷ್ಟೂ ಈ ಅತ್ಯುತ್ತಮ ಫಲವೂ ಕುಸಿದು 1/ಇ, ಅಂದರೆ 0.368ರತ್ತ ಸಾಗುತ್ತದೆ. ಇಲ್ಲಿ 'ಇ' ಎಂದರೆ ಸ್ವಾಭಾವಿಕ ಲಘುಗಣಕದ ಆಧಾರ ಸಂಖ್ಯೆ.

ಈ ಸಂಖ್ಯೆ ಸಂವಹನ ವಿಜ್ಞಾನಕ್ಕೆ ಹಳೆಯ ಪರಿಚಯ. 1971ರಲ್ಲಿ ಹವಾಯಿ ವಿಶ್ವವಿದ್ಯಾನಿಲಯದ ನಾರ್ಮನ್ ಅಬ್ರಾಮ್ಸನ್ ತಂಡ ದ್ವೀಪಗಳ ಗಣಕಗಳನ್ನು ರೇಡಿಯೋ ಮೂಲಕ ಬೆಸೆದ ಅಲೋಹಾ ಜಾಲದಲ್ಲಿ ಎಲ್ಲ ಕೇಂದ್ರಗಳೂ ಒಂದೇ ವಾಹಿನಿಯಲ್ಲಿ ಮಾತಾಡುತ್ತಿದ್ದವು. ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರ ಮಾತೂ ಕೆಡುತ್ತಿತ್ತು. ಕಾಲವನ್ನು ತುಂಡುಗಳಾಗಿ ವಿಂಗಡಿಸಿದ ಮೇಲೂ ಅಂಥ ಜಾಲದ ಗರಿಷ್ಠ ಸಾಧನೆ 36.8 ಶೇಕಡಾ. ಪಾಸ್‌ವರ್ಡ್ ಹಂಚಿಕೊಂಡ ಕಚೇರಿ ತನಗರಿವಿಲ್ಲದೆಯೇ ಅಲೋಹಾ ಜಾಲವಾಗಿದೆ. ಅಲ್ಲಿ ಕೆಡುವುದು ರೇಡಿಯೋ ಸಂಕೇತವಲ್ಲ, ವಿದ್ಯಾರ್ಥಿಯ ಒಂದು ಅವಕಾಶ.

ಸರ್ವರ್ ಏನು ಕೊಡಬಲ್ಲದು

ಅಂಚೆ ಸರ್ವರಿನಲ್ಲಿ ಇದಕ್ಕೆ ಮುಖ್ಯವಾಗಿ ಎರಡು ಸಾಧನಗಳಿವೆ. ಮೊದಲನೆಯದು ಅಲಿಯಾಸ್. ಸೆಂಡ್‌ಮೇಲ್, ಪೋಸ್ಟ್‌ಫಿಕ್ಸ್‌ನಂಥ ತಂತ್ರಾಂಶಗಳಲ್ಲಿ ಒಂದು ಕಡತದಲ್ಲಿ ಒಂದು ಸಾಲು ಬರೆದರೆ, 'ಸೇಲ್ಸ್' ವಿಳಾಸಕ್ಕೆ ಬಂದ ಪತ್ರದ ಪ್ರತಿ ಮೂವರ ಪೆಟ್ಟಿಗೆಗಳಿಗೂ ಹೋಗುತ್ತದೆ. ಸುಲಭ, ಖರ್ಚಿಲ್ಲ. ಆದರೆ ಒಬ್ಬರು ಕೊಟ್ಟ ಉತ್ತರ ಇತರರಿಗೆ ತಾನಾಗಿ ಕಾಣದು. ಮಾಹಿತಿ ತಿಳಿಸಲು ಇದು ಸಾಕು, ಉತ್ತರಿಸುವ ಕೆಲಸಕ್ಕೆ ಅಲ್ಲ.

ಎರಡನೆಯದು ನಿಜವಾದ ಹಂಚಿಕೆಯ ಪೆಟ್ಟಿಗೆ. ಪೆಟ್ಟಿಗೆ ಸರ್ವರಿನಲ್ಲಿ ಒಂದೇ. ಪ್ರತಿಯೊಬ್ಬರೂ ತಮ್ಮ ಹೆಸರು, ತಮ್ಮ ಪಾಸ್‌ವರ್ಡ್ ಬಳಸಿ ಒಳಗೆ ಬರುತ್ತಾರೆ. ಐಮ್ಯಾಪ್ ವಿಧಾನಕ್ಕೆ 2005ರಲ್ಲಿ ಪರಿಷ್ಕರಿಸಿದ ಆರ್‌ಎಫ್‌ಸಿ 4314 ಹಕ್ಕುಗಳನ್ನು ಬಿಡಿಬಿಡಿಯಾಗಿ ಕೊಡಬಲ್ಲದು: ಒಬ್ಬರಿಗೆ ಓದುವ ಹಕ್ಕು, ಇನ್ನೊಬ್ಬರಿಗೆ ಗುರುತು ಹಾಕುವ ಹಕ್ಕು, ಅಳಿಸುವ ಹಕ್ಕು ಮೇಲ್ವಿಚಾರಕರಿಗೆ ಮಾತ್ರ. ಪತ್ರಗಳನ್ನು ತಮ್ಮ ಗಣಕಕ್ಕೆ ಇಳಿಸಿಕೊಂಡು ಸರ್ವರಿನಿಂದ ತೆಗೆದುಬಿಡುವ ಹಳೆಯ ಪಾಪ್ ಕ್ರಮವನ್ನು ಇಲ್ಲಿ ಬಳಸಬಾರದು. ಮೊದಲು ಬಂದವರು ಪತ್ರ ಒಯ್ದರೆ ಉಳಿದವರಿಗೆ ಕಾಣುವುದು ಖಾಲಿ ಪೆಟ್ಟಿಗೆ.

ಯಾರ ಪರವಾಗಿ ಯಾರು ಬರೆದರೆಂದು ತೋರಿಸುವ ದಾರಿಯೂ ಬಹು ಹಿಂದಿನದು. 1982ರ ಆರ್‌ಎಫ್‌ಸಿ 822ರಲ್ಲಿಯೇ 'ಫ್ರಮ್' ಮತ್ತು 'ಸೆಂಡರ್' ಎಂಬ ಎರಡು ಬೇರೆ ಸಾಲುಗಳಿವೆ. ಅಧಿಕಾರಿಯ ಪರವಾಗಿ ಕಾರ್ಯದರ್ಶಿ ಕಳುಹಿಸಿದರೆ ಮೊದಲನೆಯದರಲ್ಲಿ ಅಧಿಕಾರಿ, ಎರಡನೆಯದರಲ್ಲಿ ಕಾರ್ಯದರ್ಶಿ. ಪಾಸ್‌ವರ್ಡ್ ಹಂಚಿಕೊಂಡ ಕೂಡಲೇ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಗಣಕ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಉಳಿಸಿಡಬೇಕೆಂದು ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ನಿರ್ದೇಶಿಸಿತು. ಆರು ಮಂದಿ ಒಂದೇ ಹೆಸರಿನಲ್ಲಿ ಪ್ರವೇಶಿಸಿದ ಲಾಗನ್ನು ಎಷ್ಟು ದಿನ ಇಟ್ಟರೂ ಕೆಲಸ ಮಾಡಿದವರು ಯಾರೆಂಬುದು ಅದರಿಂದ ತಿಳಿಯದು.

ನೀರಗಂಟಿ ಬೇಕು

'ಸಣ್ಣ ಸಂಸ್ಥೆ, ಇದಕ್ಕೆಲ್ಲ ಹಣವೆಲ್ಲಿ?' ಎಂಬ ಆಕ್ಷೇಪ ಸಹಜ. ಪೋಸ್ಟ್‌ಫಿಕ್ಸ್, ಡವ್‌ಕಾಟ್ ಎರಡೂ ಮುಕ್ತ ತಂತ್ರಾಂಶಗಳು. ಹಂಚಿಕೆಯ ಪೆಟ್ಟಿಗೆಗೆ ಬೇಕಾದದ್ದು ಅವುಗಳಲ್ಲಿದೆ. ಖರ್ಚಾಗುವುದು ತಿಳಿದವರೊಬ್ಬರ ಸಮಯ. ಆದರೆ ಸರ್ವರ್ ಸರಿಮಾಡಿದ ಮಾತ್ರಕ್ಕೆ ಎಲ್ಲವೂ ಸರಿಯಾಯಿತೆಂದು ನಾನು ಹೇಳಲಾರೆ. 'ಉತ್ತರಿಸಲಾಗಿದೆ' ಎಂಬ ಗುರುತು ಕಾಣುವುದು ಉತ್ತರ ಹೋದ ಮೇಲೆ. ಅಷ್ಟರಲ್ಲಿ ಇನ್ನೊಬ್ಬರು ಅದೇ ಪತ್ರಕ್ಕೆ ಬರೆಯುತ್ತಿರಬಹುದು. ಯಾರೂ ಮುಟ್ಟದ ಪತ್ರದ ಬಗ್ಗೆ ಆ ಗುರುತು ಏನನ್ನೂ ಹೇಳದು. ಪತ್ರ ಬಂದ ಕ್ಷಣದಲ್ಲೇ ಅದು ಇಂಥವರದೆಂದು ಗೊತ್ತುಮಾಡಬೇಕು.

ನಮ್ಮ ಹಳ್ಳಿಗಳಿಗೆ ಈ ತತ್ತ್ವ ಹೊಸದೇನಲ್ಲ. ಕೆರೆ ಇಡೀ ಊರಿನದು, ಆದರೆ ತೂಬು ತೆರೆಯುವವನು ನೀರಗಂಟಿ. ಎಲ್ಲರೂ ತೂಬಿಗೆ ಕೈಹಾಕಿದರೆ ಒಂದು ಗದ್ದೆ ಮುಳುಗಿ ಇನ್ನೊಂದು ಒಣಗುತ್ತದೆ. ಹಂಚಿಕೆಯ ಅಂಚೆಪೆಟ್ಟಿಗೆಗೂ ದಿನಕ್ಕೊಬ್ಬ ನೀರಗಂಟಿ ಬೇಕು. ಸೋಮವಾರ ಒಬ್ಬರು, ಮಂಗಳವಾರ ಇನ್ನೊಬ್ಬರು; ಆ ದಿನದ ಪತ್ರಗಳನ್ನು ಸಹೋದ್ಯೋಗಿಗಳಿಗೆ ಹೆಸರು ಹಿಡಿದು ಒಪ್ಪಿಸುವುದು ಅವರ ಕೆಲಸ.

ನಿಮ್ಮ ಶಾಲೆ, ಕಾಲೇಜಿಗೂ ಇಂಥ ವಿಳಾಸವಿದ್ದೀತು. ಅದರ ಪಾಸ್‌ವರ್ಡ್ ಎಷ್ಟು ಮಂದಿಗೆ ಗೊತ್ತು, ಕೆಲಸ ಬಿಟ್ಟು ಹೋದವರಲ್ಲಿ ಎಷ್ಟು ಮಂದಿಗೆ ಗೊತ್ತು, ಮರೆತಾಗ ಸಂಖ್ಯೆ ಬರುವುದು ಯಾರ ಮೊಬೈಲಿಗೆ ಎಂದು ಈ ವಾರವೇ ವಿಚಾರಿಸಿ. ಆಮೇಲೆ ನಿನ್ನೆ ಬಂದ ಒಂದು ಪತ್ರವನ್ನು ತೋರಿಸಿ, ಇದಕ್ಕೆ ಯಾರು ಉತ್ತರಿಸಬೇಕು ಎಂದು ಕೇಳಿ. ಒಂದೇ ಹೆಸರು ಬಂದರೆ ವ್ಯವಸ್ಥೆ ಸರಿಯಿದೆ. 'ಯಾರಾದರೂ ನೋಡಿರುತ್ತಾರೆ' ಎಂಬ ಮಾತು ಬಂದರೆ ದಾಳಗಳನ್ನು ತರಗತಿಯಲ್ಲಿ ಮಾತ್ರವಲ್ಲ, ಸಿಬ್ಬಂದಿ ಕೊಠಡಿಯಲ್ಲೂ ಉರುಳಿಸಿ ತೋರಿಸಿ.