ಚಂದ್ರಯಾನದ ಕಥೆಗಳಲ್ಲಿ ವರ್ತಕನಾಯಕ

ಅಂತರಿಕ್ಷಯಾನವು ರಾಜ್ಯಕ್ಕೆ ಸೇರಿದ ಕಾರ್ಯವೋ ವರ್ತಕರಿಗೆ ಸೇರಿದುದೋ ಎಂಬ ವಾದವು ವಾಚಕವರ್ಗದಲ್ಲಿ ಬಲವಾಗಿ ನಡೆಯುತ್ತಿರುವುದಷ್ಟೆ. ಸ್ಪೇಸ್‌ಎಕ್ಸ್ ಎಂಬ ಅಮೆರಿಕದ ಖಾಸಗಿ ಸಂಸ್ಥೆಯ ರಾಕೆಟ್ಟು 2008ರಲ್ಲಿ ಭೂಕಕ್ಷೆಯನ್ನು ಸೇರಿ, 2020ರಲ್ಲಿ ಅದರ ನೌಕೆಯು ಇಬ್ಬರು ಯಾತ್ರಿಕರನ್ನು ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಕೊಂಡೊಯ್ದ ಬಳಿಕ ಈ ಚರ್ಚೆಗೆ ಇನ್ನಷ್ಟು ಕಾವೇರಿತು. ಇದರಲ್ಲಿ ಮತ್ತೆಮತ್ತೆ ಸಾಕ್ಷಿಗೆ ಕರೆಯಲ್ಪಡುವ ಕೃತಿಯು ರಾಬರ್ಟ್ ಹೈನ್‌ಲೈನನು 1950ರಲ್ಲಿ ಪ್ರಕಟಿಸಿದ ‘ದಿ ಮ್ಯಾನ್ ಹೂ ಸೋಲ್ಡ್ ದಿ ಮೂನ್’ ಎಂಬ ನೀಳ್ಗತೆ. ಇದು ಫಲಿಸಿದ ಭವಿಷ್ಯವಾಣಿಯೆಂದು ಒಂದು ಪಕ್ಷ. 1969ರಲ್ಲಿ ಚಂದ್ರನನ್ನು ಮುಟ್ಟಿದುದು ರಾಜ್ಯದ ಬೊಕ್ಕಸವೇ ಹೊರತು ಸಾಹುಕಾರನ ಥೈಲಿಯಲ್ಲ, ಆದುದರಿಂದ ಕಥೆಯು ಹುಸಿಯಾಯಿತೆಂದು ಪ್ರತಿಪಕ್ಷ. ಎರಡು ಪಕ್ಷದವರೂ ಅದನ್ನು ಪಂಚಾಂಗದಂತೆ ಓದಿರುವರೇ ವಿನಾ ಕಾವ್ಯದಂತೆ ಓದಿಲ್ಲ.

ಚಂದ್ರಯಾನಕ್ಕೆ ಹಣ ಯಾರದು ಎಂಬ ಪ್ರಶ್ನೆಯು ಹೈನ್‌ಲೈನನಿಂದ ಹುಟ್ಟಿದುದಲ್ಲ. ಜೂಲ್ಸ್ ವರ್ನನ 1865ರ ಕಾದಂಬರಿಯಲ್ಲಿ, ಅಂತರ್ಯುದ್ಧವು ಮುಗಿದು ಕೆಲಸವಿಲ್ಲದೆ ಕುಳಿತ ಬಾಲ್ಟಿಮೋರಿನ ಫಿರಂಗಿ ಸಂಘದವರು ಚಂದ್ರನಿಗೆ ಗುಂಡು ಹಾರಿಸಲು ಹೊರಟು, ಭೂಮಂಡಲವೆಲ್ಲಕ್ಕೂ ಚಂದಾಪಟ್ಟಿಯನ್ನು ಕಳುಹಿಸುತ್ತಾರೆ. ರಷ್ಯವು 3,68,733 ರೂಬಲುಗಳನ್ನು ಕೊಡುತ್ತದೆ. ಇಂಗ್ಲೆಂಡು ಒಂದು ಕಾಸನ್ನೂ ಬಿಚ್ಚುವುದಿಲ್ಲ. ಒಟ್ಟು ಮೊತ್ತವು 54 ಲಕ್ಷ ಡಾಲರುಗಳನ್ನು ಮೀರುತ್ತದೆ. ಕೊಟ್ಟವರಿಗೆ ಲಾಭದ ಆಸೆಯಿಲ್ಲ, ಅದು ದಾನ. ಆದರೆ 1870ರ ಉತ್ತರಭಾಗವು ಮುಗಿಯುವ ಹೊತ್ತಿಗೆ ಅದೇ ಮಹನೀಯರು 10 ಕೋಟಿ ಡಾಲರು ಮೂಲಧನದ ಒಂದು ಕಂಪೆನಿಯನ್ನು ಸ್ಥಾಪಿಸಿ, ತಲಾ 1,000 ಡಾಲರಿನಂತೆ 1,00,000 ಷೇರುಗಳನ್ನು ಹೊರಡಿಸುತ್ತಾರೆ. ಅಷ್ಟೇ ಅಲ್ಲ, ದಿವಾಳಿಯ ವ್ಯವಹಾರವನ್ನು ನೋಡಿಕೊಳ್ಳುವ ಅಧಿಕಾರಿಗಳನ್ನೂ ಮುಂಚಿತವಾಗಿಯೇ ನೇಮಿಸಲಾಗುತ್ತದೆ! ದಾನದಿಂದ ಷೇರಿಗೆ ಇಳಿದ ಈ ಐದು ವರ್ಷಗಳ ದಾರಿಯನ್ನು ವರ್ನನು ಗಂಭೀರ ಮುಖದಿಂದ ವರ್ಣಿಸುತ್ತಾನೆ. ನಗುವ ಭಾರವನ್ನು ವಾಚಕನಿಗೆ ಬಿಟ್ಟಿರುತ್ತಾನೆ. ಈ ವಿಡಂಬನವನ್ನು ಗಮನಿಸದೆ ಅವನನ್ನು ಬರಿಯ ಯಂತ್ರಶಿಲ್ಪಗಳ ಕನಸುಗಾರನೆಂದು ಹೊಗಳುವುದು ಅರೆಹೊಗಳಿಕೆಯೇ ಸರಿ.

ಹೈನ್‌ಲೈನನ ಡಿಲೋಸ್ ಹ್ಯಾರಿಮನ್ನನು ಈ ವಂಶದವನೇ. ಆದರೆ ಅವನಲ್ಲಿ ನಗೆಯ ಜೊತೆಗೆ ಬೇರೊಂದು ಭಾವವೂ ಬೆರೆತಿದೆ. ನೆಲದ ಒಡೆಯನಿಗೆ ಮೇಲಿನ ಆಕಾಶವೂ ಸೇರಿದುದೆಂಬ ಹಳೆಯ ನ್ಯಾಯಸೂತ್ರವನ್ನು ಹಿಡಿದು, ಚಂದ್ರನು ನೆತ್ತಿಯ ಮೇಲೆ ಹಾಯುವ ದೇಶಗಳಿಂದ ಅವನು ಹಕ್ಕುಗಳನ್ನು ಸಂಪಾದಿಸುತ್ತಾನೆ. ಚಂದ್ರಬಿಂಬದ ಮೇಲೆ ಪ್ರತಿಸ್ಪರ್ಧಿಯ ಜಾಹೀರಾತು ಮೂಡೀತೆಂದು ಪಾನೀಯದ ವ್ಯಾಪಾರಿಗೆ ಭಯ ಹುಟ್ಟಿಸುತ್ತಾನೆ. ಚಂದ್ರನಿಗೆ ಹೋಗಿಬಂದ ಅಂಚೆಯ ಲಕೋಟೆಗಳನ್ನು ಸಂಗ್ರಾಹಕರಿಗೆ ಮಾರಲು ಹವಣಿಸುತ್ತಾನೆ. ಈ ಕೊನೆಯ ಕಲ್ಪನೆಯು ಹಾಸ್ಯವಾಗಿಯೇ ಉಳಿಯಲಿಲ್ಲ: 1971ರಲ್ಲಿ ಅಪೊಲೊ 15ರ ಯಾತ್ರಿಕರು ಅನುಮತಿಯಿಲ್ಲದೆ ಇಂತಹ ಲಕೋಟೆಗಳನ್ನು ಕೊಂಡೊಯ್ದು ವಾಗ್ದಂಡನೆಗೆ ಗುರಿಯಾದರು. ಯಾವ ರಾಜ್ಯವೂ ಚಂದ್ರನನ್ನು ತನ್ನದೆನ್ನಬಾರದೆಂದು 1967ರ ಒಪ್ಪಂದವು ವಿಧಿಸಿತು. ಅಲ್ಲಿ ಅಗೆದು ತೆಗೆದ ದ್ರವ್ಯದ ಮೇಲೆ ತನ್ನ ಪ್ರಜೆಗಳಿಗೆ ಹಕ್ಕುಂಟೆಂದು ಅಮೆರಿಕವು 2015ರಲ್ಲಿ ಶಾಸನ ಮಾಡಿತು. ಇವುಗಳನ್ನೆಲ್ಲ ಕಥೆಯೊಡನೆ ಹೋಲಿಸಿ ಸರಿತಪ್ಪುಗಳ ಪಟ್ಟಿ ಮಾಡುವುದು ಸುಲಭ. ಖಾಸಗಿ ಸಂಸ್ಥೆಯ ಏಳಿಗೆಯೂ ಆ ಪಟ್ಟಿಗೆ ಸರಿಯಾಗಿ ಹೊಂದುವುದಿಲ್ಲ. 2008ರ ಡಿಸೆಂಬರಿನಲ್ಲಿ 12 ಸಾಗಣೆಗಳಿಗೆಂದು 160 ಕೋಟಿ ಡಾಲರುಗಳ ಗುತ್ತಿಗೆಯನ್ನು ಅದಕ್ಕೆ ಕೊಟ್ಟುದು ರಾಜ್ಯದ ಸಂಸ್ಥೆಯಾದ ನಾಸಾ. ಹ್ಯಾರಿಮನ್ನನಿಗೆ ಅಂತಹ ಆಶ್ರಯವಿರಲಿಲ್ಲ.

ವಿಮರ್ಶಕನು ಕೇಳಬೇಕಾದುದು ಬೇರೆ: ಇವನು ಎಂತಹ ನಾಯಕ? ವರ್ತಕನು ನಾಯಕನಾಗುವುದು ಭಾರತೀಯ ಲಾಕ್ಷಣಿಕರಿಗೆ ಹೊಸತಲ್ಲ. ‘ದಶರೂಪಕ’ವು ಪ್ರಕರಣಕ್ಕೆ ವಣಿಜನನ್ನು ನಾಯಕನನ್ನಾಗಿ ಒಪ್ಪುತ್ತದೆ, ಆದರೆ ಅವನು ಧೀರಶಾಂತನಾಗಿರಬೇಕೆನ್ನುತ್ತದೆ. ‘ಮೃಚ್ಛಕಟಿಕ’ದ ಚಾರುದತ್ತನು ಆ ಬಗೆಯವನು, ಕೊಟ್ಟು ಬಡವನಾದವನು. ಹ್ಯಾರಿಮನ್ನನಲ್ಲಾದರೋ ದರ್ಪ, ಕಪಟ, ಆತ್ಮಶ್ಲಾಘನೆಗಳು ತುಂಬಿವೆ. ಲಕ್ಷಣದಂತೆ ಅವನು ಧೀರೋದ್ಧತ. ಹೀಗಿದ್ದೂ ವಾಚಕನು ಅವನನ್ನು ದ್ವೇಷಿಸುವುದಿಲ್ಲ. ಏಕೆಂದರೆ ಅವನ ವಂಚನೆಗಳೆಲ್ಲ ಲೋಭದಿಂದಲ್ಲ, ಉತ್ಸಾಹದಿಂದ ಹುಟ್ಟಿದುವು. ವೀರಕ್ಕೆ ಸ್ಥಾಯಿಯಾದ ಭಾವವೇ ವ್ಯಾಪಾರದ ವೇಷವನ್ನು ತೊಟ್ಟಿದೆ. ಕೊನೆಗೆ ಹಣ ಹೂಡಿದವರೇ ಅವನ ಪ್ರಾಣವು ಬಹು ಬೆಲೆಯುಳ್ಳದ್ದೆಂದು ಅವನನ್ನು ಭೂಮಿಯಲ್ಲಿ ಕಟ್ಟಿಹಾಕುತ್ತಾರೆ. ಚಂದ್ರನನ್ನು ಮಾರಿದವನಿಗೆ ಚಂದ್ರನು ದಕ್ಕಲಿಲ್ಲ. ವೀರವು ಇಲ್ಲಿ ಕರುಣಕ್ಕೆ ತಿರುಗುವುದು ಔಚಿತ್ಯಪೂರ್ಣವಾಗಿದೆ. ನಡುವಣ ಕಂಪೆನಿಗಳ ಲೆಕ್ಕಾಚಾರ ಮಾತ್ರ ಅತಿದೀರ್ಘವಾಗಿ ರಸಕ್ಕೆ ಅಡ್ಡಬಂದಿದೆಯೆಂದು ಹೇಳದೆ ವಿಧಿಯಿಲ್ಲ.

ಭವಿಷ್ಯವಾಣಿಯ ವಾದಕ್ಕೆ ಉತ್ತರವು ಕೃತಿಗಳ ಕಾಲಕ್ರಮದಲ್ಲಿಯೇ ಇದೆ. ಹ್ಯಾರಿಮನ್ನನ ಅಂತ್ಯವನ್ನು ಹೇಳುವ ‘ರಿಕ್ವಿಯಮ್’ ಎಂಬ ಸಣ್ಣಕಥೆಯು 1940ರಲ್ಲಿ, ಎಂದರೆ ಹತ್ತು ವರ್ಷ ಮೊದಲೇ, ಅಚ್ಚಾಗಿತ್ತು. ಅದರಲ್ಲಿ ಅವನು ಮುದುಕ, ಹೃದ್ರೋಗಿ. ಯಾನಕ್ಕೆ ನಿಯಮವು ಅಡ್ಡಿಯಾಗಿರಲು ಇಬ್ಬರು ಚಾಲಕರಿಗೆ ಹಣ ತೆತ್ತು ಚಂದ್ರನನ್ನು ಸೇರಿ ಅಲ್ಲಿಯೇ ಪ್ರಾಣ ಬಿಡುತ್ತಾನೆ. ಗ್ರಂಥಕರ್ತನು ಮೊದಲು ಕಂಡುದು ಈ ಮರಣವನ್ನು. ಷೇರು, ಹಕ್ಕು, ಜಾಹೀರಾತುಗಳ ಕಥೆಯನ್ನು ಆಮೇಲೆ, ಹಿಂದಕ್ಕೆ ನಡೆದು, ಆ ಮುದುಕನ ಹಂಬಲಕ್ಕೆ ಪೂರ್ವಕಥೆಯಾಗಿ ಕಟ್ಟಿದನು.