ಪಾತ್ರವೋ, ಪಾತ್ರಧಾರಿಯೋ?

ತಂತ್ರಾಂಶ ವಿನ್ಯಾಸದ ಪಠ್ಯಪುಸ್ತಕಗಳಲ್ಲಿ ಕಡ್ಡಿಯಂಥ ಕೈಕಾಲುಗಳ ಒಂದು ಮನುಷ್ಯಾಕೃತಿ ಇದ್ದೇ ಇರುತ್ತದೆ. ಅದರಿಂದ ಹೊರಟ ಗೆರೆ ಒಂದು ಅಂಡಾಕೃತಿಯನ್ನು ಮುಟ್ಟುತ್ತದೆ. ಮನುಷ್ಯಾಕೃತಿ ಬಳಕೆದಾರನನ್ನು, ಅಂಡಾಕೃತಿ ಅವನಿಗೆ ಆಗಬೇಕಾದ ಕೆಲಸವನ್ನು ಸೂಚಿಸುತ್ತವೆ. ಸ್ವೀಡನ್ನಿನ ಈವಾರ್ ಯಾಕೊಬ್‌ಸನ್ ರೂಪಿಸಿದ ಈ ‘ಯೂಸ್ ಕೇಸ್’ ವಿಧಾನ 1992ರ ಅವರ ಪುಸ್ತಕದಿಂದ ಪ್ರಚಾರ ಪಡೆದು, 1997ರಲ್ಲಿ ಪ್ರಮಾಣಿತವಾದ ಯುಎಂಎಲ್ ಮಾದರಿ ಭಾಷೆಯಲ್ಲಿ ಸ್ಥಾನ ಗಳಿಸಿತು. ಯಂತ್ರ ಏನು ಮಾಡಬಲ್ಲದು ಎನ್ನುವುದಕ್ಕಿಂತ ಮೊದಲು ಜನರಿಗೆ ಏನು ಬೇಕು ಎಂದು ಕೇಳಿದ್ದು ಈ ವಿಧಾನದ ಹಿರಿಮೆ.

ತೊಡಕು ಇರುವುದು ಹೆಸರಿನಲ್ಲಿ. ಮನುಷ್ಯಾಕೃತಿಯನ್ನು ‘ಆಕ್ಟರ್’, ಅಂದರೆ ಪಾತ್ರಧಾರಿ, ಎಂದು ಕರೆಯಲಾಗಿದೆ. ಅದು ಸೂಚಿಸಬೇಕಾದದ್ದು ಪಾತ್ರವನ್ನು. ‘ರೋಲ್’ ಎಂಬುದೇ ಸರಿಯಾದ ಪದ, ಸ್ವೀಡಿಷ್‌ನಿಂದ ಅನುವಾದಿಸುವಾಗ ತಪ್ಪಾಗಿರಬೇಕು ಎಂದು ಮಾರ್ಟಿನ್ ಫೌಲರ್ ತಮ್ಮ ‘ಯುಎಂಎಲ್ ಡಿಸ್ಟಿಲ್ಡ್’ ಪುಸ್ತಕದಲ್ಲಿ ಹೇಳಿದ್ದಾರೆ. ಯಕ್ಷಗಾನ ನೋಡಿದವರಿಗೆ ಈ ವ್ಯತ್ಯಾಸ ಗೊತ್ತು: ಒಬ್ಬನೇ ಕಲಾವಿದ ಒಂದೇ ರಾತ್ರಿ ಎರಡು ವೇಷ ಮಾಡಬಹುದು, ಒಂದೇ ಪಾತ್ರವನ್ನು ಇಬ್ಬರು ಹಂಚಿಕೊಳ್ಳಬಹುದು.

ಇದು ಬರಿಯ ಪದಗಳ ಜಗಳವಲ್ಲ. ಗ್ರಂಥಾಲಯದ ತಂತ್ರಾಂಶವನ್ನೇ ತೆಗೆದುಕೊಳ್ಳಿ. ಗ್ರಂಥಪಾಲಕನೂ ಪುಸ್ತಕ ಎರವಲು ಪಡೆಯುತ್ತಾನೆ. ಆಗ ಅವನದು ಓದುಗನ ಪಾತ್ರ. ಹುದ್ದೆಯನ್ನೇ ಪಾತ್ರವೆಂದು ಬಗೆದು ನಕ್ಷೆ ಬರೆದರೆ, ತನ್ನ ದಂಡವನ್ನು ತಾನೇ ಮನ್ನಾ ಮಾಡಿಕೊಳ್ಳುವ ಅಧಿಕಾರ ಅವನಿಗೆ ತಾನಾಗಿಯೇ ಸಿಕ್ಕಿಬಿಡುತ್ತದೆ.

ಎರಡನೆಯ ದೋಷ ಇನ್ನೂ ಗಂಭೀರ. ಕೀಲಿಮಣೆ ಮುಟ್ಟುವವರನ್ನಷ್ಟೇ ಎಣಿಸುವ ರೂಢಿ ಅದು. ಕರ್ನಾಟಕದ ‘ಭೂಮಿ’ ಯೋಜನೆ 2000ದ ದಶಕದ ಆರಂಭದಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿತು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕು, ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕು ಎಂಬ ವ್ಯವಸ್ಥೆ ಅದರಲ್ಲಿತ್ತು. ಇಂಥ ಕಡೆ ಕೀಲಿ ಒತ್ತುವವನು ಸಿಬ್ಬಂದಿ, ಪಹಣಿ ಬೇಕಾದವನು ಕಿಂಡಿಯ ಹೊರಗೆ ನಿಂತ ರೈತ. ನಕ್ಷೆಯಲ್ಲಿ ಸಿಬ್ಬಂದಿಯೊಬ್ಬನೇ ಇದ್ದರೆ ರೈತ ಮಾಯವಾದಂತೆಯೇ. ಖಾತೆ ಬದಲಾವಣೆಯಲ್ಲಂತೂ ಕಚೇರಿಗೆ ಬಾರದೆ ದೂರದ ಊರಿನಲ್ಲಿರುವ ಸಹಹಕ್ಕುದಾರನೂ ಇದ್ದಾನೆ. ಅವನು ಏನನ್ನೂ ಒತ್ತುವುದಿಲ್ಲ, ಕಳೆದುಕೊಳ್ಳುವುದು ಮಾತ್ರ ಅವನ ಜಮೀನು. ಕಾನೂನು ಆಕ್ಷೇಪಣೆಗೆ ನೋಟಿಸು, ಕಾಲಾವಕಾಶ ಇಟ್ಟಿರುವುದು ಅಂಥವನಿಗಾಗಿ. ಅವನನ್ನು ಗುರುತಿಸದ ನಕ್ಷೆಗೆ ಆ ಕಾಲಾವಕಾಶ ಬರಿಯ ವಿಳಂಬವಾಗಿ ಕಾಣುತ್ತದೆ.

ಆಲಿಸ್ಟೇರ್ ಕಾಕ್‌ಬರ್ನ್ ಈ ಕೊರತೆಗೆ ಪರಿಹಾರ ಸೂಚಿಸಿದ್ದಾರೆ: ಯಾರ ಗುರಿಗಾಗಿ ಕೆಲಸ ನಡೆಯುತ್ತದೋ ಅವರೇ ಮುಖ್ಯ ಪಾತ್ರ, ರಂಗದ ಮೇಲೆ ಬಾರದಿದ್ದರೂ ಹಿತಾಸಕ್ತಿ ಇರುವವರ ಪಟ್ಟಿಯನ್ನು ಪ್ರತ್ಯೇಕವಾಗಿ ಬರೆಯಬೇಕು. ನಮ್ಮ ತರಗತಿಗಳಲ್ಲಿ ಚಿತ್ರ ಕಲಿಸುವಷ್ಟು ಶ್ರದ್ಧೆಯಿಂದ ಈ ಪಟ್ಟಿಯನ್ನು ಕಲಿಸುವುದಿಲ್ಲ.

ಭೌತವಿಜ್ಞಾನದಲ್ಲಿ ವ್ಯವಸ್ಥೆಯ ಎಲ್ಲೆ ಗುರುತಿಸಿದ ಮೇಲೆ, ಆ ಎಲ್ಲೆಯಾಚೆ ಏನಾಗುತ್ತದೆಂದೂ ಲೆಕ್ಕ ಇಡುತ್ತೇವೆ. ತಂತ್ರಾಂಶಕ್ಕೂ ಅದೇ ಶಿಸ್ತು ಬೇಕು. ಪ್ರತಿಯೊಂದು ಮನುಷ್ಯಾಕೃತಿಯ ಪಕ್ಕದಲ್ಲಿ ಮೂರು ಪ್ರಶ್ನೆ ಬರೆಯೋಣ: ಇದು ಯಾರ ಗುರಿ? ಕೀಲಿ ಒತ್ತುವವರು ಯಾರು? ತಪ್ಪಾದರೆ ನಷ್ಟ ಯಾರಿಗೆ? ಮೂರಕ್ಕೂ ಒಂದೇ ಉತ್ತರ ಬರುವುದು ಅಪರೂಪ.